ಬಾದಾಮಿ, ಪಟ್ಟದಕಲ್ಲು, ಐಹೊಳೆ: ಒಂದೇ ದಿನದಲ್ಲಿ ಮಕ್ಕಳಿಗೆ ತೋರಿಸಿ ಮುಗಿಸಬಹುದೇ?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನಿಂದ ಬರುತ್ತೀರಿ, ಜೊತೆಗೆ ಹನ್ನೊಂದು ಮತ್ತು ಹದಿನಾಲ್ಕು ವರ್ಷದ ಇಬ್ಬರು ಮಕ್ಕಳು, ಮಂಡಿನೋವಿನ ತಾಯಿ. ಕಾರಿನವರು ಮೂರೂ ಊರುಗಳನ್ನು ಒಂದೇ ದಿನದಲ್ಲಿ ಮುಗಿಸಿಕೊಡುತ್ತೇವೆ ಎನ್ನುತ್ತಿದ್ದಾರೆ. ಮಕ್ಕಳು ಈಗಾಗಲೇ "ಮತ್ತೆ ಗುಡಿಯಾ?" ಎಂದು ಮುಖ ಗಂಟಿಕ್ಕಿದ್ದಾರೆ. ಅವರ ತಲೆಗೆ ಸ್ವಲ್ಪವಾದರೂ ಇತಿಹಾಸ ಹತ್ತಬೇಕು, ಹೇಗೆ?

ಮುಗಿಸಬಹುದು. ಬಾಗಲಕೋಟೆ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ನಾನೇ ಎಷ್ಟೋ ಸಲ ಹಾಗೆ ಮುಗಿಸಿದ್ದೇನೆ. ಬೆಳಗಿನ ಜಾವ ಬಸ್ಸು, ದಾರಿಯಲ್ಲಿ ಉಪ್ಪಿಟ್ಟು, ಬಾದಾಮಿಯಲ್ಲಿ ಎರಡು ತಾಸು, ಪಟ್ಟದಕಲ್ಲಿನಲ್ಲಿ ಊಟ, ಐಹೊಳೆಯಲ್ಲಿ ತಲೆ ಎಣಿಕೆ, ರಾತ್ರಿ ಮನೆ. ಮರುದಿನ ಪ್ರವಾಸದ ಬಗ್ಗೆ ಪ್ರಬಂಧ ಬರೆಯಲು ಹೇಳಿದರೆ ನಲವತ್ತು ಹುಡುಗರೂ ಮಂಗ ಬುತ್ತಿ ಕಿತ್ತುಕೊಂಡು ಹೋದದ್ದನ್ನೇ ಬರೆದಿರುತ್ತಿದ್ದರು.

ನನ್ನ ಕ್ರಮ ಬದಲಾದದ್ದು ಒಬ್ಬ ಹುಡುಗಿಯಿಂದ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಮುಂದೆ ನಿಂತು ನಾನು ದ್ರಾವಿಡ ಶೈಲಿ, ನಾಗರ ಶೈಲಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದಾಗ ಅವಳು ಕೇಳಿದಳು: "ಸರ್, ಇದನ್ನು ಕಟ್ಟಿದವರಿಗೆ ಕೂಲಿ ಎಷ್ಟು ಕೊಟ್ಟರು?" ಅವಳ ತಂದೆ ಗೌಂಡಿ ಕೆಲಸದವರು. ನನ್ನಲ್ಲಿ ಉತ್ತರವಿರಲಿಲ್ಲ. "ರಾಜರು ಕಟ್ಟಿಸಿದರು" ಎಂದು ಪಾಠದ ಸಾಲನ್ನೇ ತಿರುಗಿಸಿ ಒಪ್ಪಿಸಿ, ಮುಂದಿನ ಗುಡಿಗೆ ನಡೆದುಬಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ವರ್ಷ ಹೋಗುವ ಮೊದಲು ಅಲ್ಲಿನ ಶಾಸನಗಳನ್ನು ಕುಳಿತು ಓದಿಕೊಂಡೆ. ಅಂದಿನಿಂದ ಹುಡುಗರಿಗೆ ನಾನು ಗುಡಿ ತೋರಿಸುವುದನ್ನು ಬಿಟ್ಟು ಅಕ್ಷರ ಹುಡುಕಿಸತೊಡಗಿದೆ. ನಿಮಗೂ ಅದನ್ನೇ ಹೇಳುತ್ತೇನೆ. ಮೂರು ದಿನ ಇಟ್ಟುಕೊಳ್ಳಿ. ಆಗದಿದ್ದರೆ ಎರಡು ದಿನ ಇಟ್ಟುಕೊಂಡು ಐಹೊಳೆಯನ್ನು ಇನ್ನೊಂದು ಸಲಕ್ಕೆ ಬಿಡಿ.

ಬಾದಾಮಿಯ ಮೂರನೆಯ ಗುಹೆಯಿಂದ ಆರಂಭಿಸಿ. ಹೌದು, ಒಂದನೆಯದರಲ್ಲಿ ಹದಿನೆಂಟು ಕೈಗಳ ನಟರಾಜನಿದ್ದಾನೆ. ಮಕ್ಕಳು ಕೈ ಎಣಿಸಿಯೇ ಎಣಿಸುತ್ತಾರೆ, ಎಣಿಸಲಿ. ಆದರೆ ಅಲ್ಲಿ ದಣಿಯಬೇಡಿ. ಮೂರನೆಯ ಗುಹೆಯಲ್ಲಿ ಚಾಲುಕ್ಯ ರಾಜಮನೆತನದ ಮಂಗಳೇಶ ಹಾಕಿಸಿದ ಸಂಸ್ಕೃತ ಶಾಸನವಿದೆ, ಶಕ ವರ್ಷ 500 ಎಂದು ಅದೇ ಹೇಳುತ್ತದೆ. ಅಂದರೆ ಕ್ರಿ.ಶ. 578. ಇಂತಹ ಗುಹೆಗೆ ಇಂತಹದೇ ವರ್ಷ ಎಂದು ಕಲ್ಲೇ ಸಾಕ್ಷಿ ಹೇಳುವುದು ಅಪರೂಪ. ಅದಕ್ಕಿಂತ ನನಗೆ ಪ್ರಿಯವಾದದ್ದು ಅಲ್ಲೇ ಇರುವ ಪುಟ್ಟ ಕನ್ನಡ ಶಾಸನ. ಇಷ್ಟು ದೊಡ್ಡ ಗುಹಾಲಯವನ್ನು ಅದು "ಕಲ್ಮನೆ" ಎಂದು ಕರೆಯುತ್ತದೆ. ಕಲ್ಲಿನ ಮನೆ, ಅಷ್ಟೇ. ಆ ಕಲ್ಮನೆಗೆ ಲಂಜಿಗೇಸರ ಎಂಬ ಊರನ್ನು ಬಿಟ್ಟದ್ದನ್ನೂ, ದೇವರಿಗೆ ಹೂ ಒದಗಿಸುವ ಮಾಲೆಗಾರರಿಗೆ ಅರ್ಧ ವೀಸದ ಪಾಲು ಕೊಟ್ಟದ್ದನ್ನೂ ಹೇಳಿ, ಇದನ್ನು ಅಳಿಸಿದವನು "ಸತ್ತಮಾ ನರಕದಾ ಪುೞು ಅಕ್ಕುಂ" ಎಂದು ಶಪಿಸುತ್ತದೆ. ಏಳನೆಯ ನರಕದ ಹುಳುವಾಗುತ್ತಾನೆ!

ಈ ಒಂದು ಸಾಲಿನ ಮೇಲೆ ನಾನು ಮುಕ್ಕಾಲು ಗಂಟೆ ಪಾಠ ಮಾಡಿದ್ದೇನೆ, ಒಬ್ಬರೂ ಆಕಳಿಸಲಿಲ್ಲ. ಪುೞು ಇಂದು ಹುಳುವಾಗಿದೆ, ಪೂ ಹೂವಾಗಿದೆ. ಹಾಗಾದರೆ ಪಾಲು ಏನಾಯಿತು, ಪುಲಿ ಏನಾಯಿತು ಎಂದು ಕೇಳಿ ನೋಡಿ. ಹಾಲು, ಹುಲಿ ಎಂದು ಮಕ್ಕಳು ತಾವೇ ಕೂಗುತ್ತಾರೆ. ಪಾಲಿಗೆ "ಭಾಗ" ಎಂಬ ಅರ್ಥವೂ ಇದೆಯಲ್ಲ, ಅದೇಕೆ ಹಾಲಾಗಲಿಲ್ಲ ಎಂದು ಒಬ್ಬ ತರಲೆ ಕೇಳಿದ್ದ. ಭಾಷೆ ಶಿಸ್ತಿನ ಮಗುವಲ್ಲ ಎಂದು ಹೇಳಿ ಜಾರಿಕೊಂಡೆ. ವೀಸ ಎಂದರೆ ಹದಿನಾರರಲ್ಲಿ ಒಂದು ಪಾಲು. ನಿಮ್ಮ ತಾಯಿಯವರಿಗೆ ಆ ಲೆಕ್ಕ ಗೊತ್ತಿರಬಹುದು, ಮೊಮ್ಮಕ್ಕಳಿಗೆ ಅವರೇ ಹೇಳಲಿ. ಗೌಂಡಿಯ ಮಗಳ ಪ್ರಶ್ನೆಗೆ ನನಗೆ ಸಿಕ್ಕ ಮೊದಲ ಅರ್ಧ ಉತ್ತರ ಈ ಅರ್ಧ ವೀಸ. ಕಟ್ಟಿದವರ ಕೂಲಿ ಅಲ್ಲಿಲ್ಲ, ಹೂ ಕಟ್ಟಿದವರ ಪಾಲು ಇದೆ.

ಬಂಡೆಯ ಮೇಲಿನ ಅಕ್ಷರಗಳು ನಡು ಮಧ್ಯಾಹ್ನ ಕಣ್ಣಿಗೆ ಕಾಣುವುದಿಲ್ಲ. ಮೊಬೈಲಿನ ಟಾರ್ಚನ್ನು ನೇರವಾಗಿ ಹಿಡಿಯದೆ ಗೋಡೆಗೆ ತಾಗಿಸಿದಂತೆ ಪಕ್ಕದಿಂದ ಹಿಡಿಯಿರಿ. ಗೀರುಗಳಲ್ಲಿ ನೆರಳು ತುಂಬಿ ಅಕ್ಷರ ಎದ್ದು ನಿಲ್ಲುತ್ತದೆ. ಸೀಮೆಸುಣ್ಣ, ನೀರು, ಎಣ್ಣೆ ಏನನ್ನೂ ಹಚ್ಚಬೇಡಿ. ಮಕ್ಕಳ ಕೈಗೊಂದು ನೋಟುಬುಕ್ಕು ಕೊಟ್ಟು, ಇಂದಿನ ಕನ್ನಡ ಅಕ್ಷರಕ್ಕೆ ಹೋಲುವ ಐದು ಅಕ್ಷರಗಳನ್ನು ನೋಡಿ ಬರೆಯಲು ಹೇಳಿ. ಮೊದಲು ಒಂದೂ ಸಿಗುವುದಿಲ್ಲ ಎನ್ನುತ್ತಾರೆ. ಆಮೇಲೆ ಅವರನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ.

ಸಂಜೆ ಅಗಸ್ತ್ಯ ತೀರ್ಥದ ದಂಡೆಗೆ ಬನ್ನಿ. ಭೂತನಾಥ ಗುಡಿ ಕೆರೆಯ ಪೂರ್ವಕ್ಕಿದೆ, ಇಳಿಬಿಸಿಲು ಅದರ ಮೇಲೆಯೇ ಬೀಳುತ್ತದೆ. ಅಲ್ಲಿ ತಾಯಿಯವರನ್ನು ಕೂರಿಸಿ, ಮಕ್ಕಳನ್ನು ಕರೆದುಕೊಂಡು ತಟ್ಟುಕೋಟೆಯ ಕಡೆ ಹೋಗಿ ಕಪ್ಪೆ ಅರಭಟ್ಟನ ಶಾಸನ ಎಲ್ಲಿದೆ ಎಂದು ಊರವರನ್ನು ಕೇಳಿ. ಸುಮಾರು ಕ್ರಿ.ಶ. 700ರದು. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಎಂಬ ತ್ರಿಪದಿ ನಿಮ್ಮ ದೊಡ್ಡ ಮಗುವಿಗೆ ಪಠ್ಯದಲ್ಲಿ ಬಂದಿದ್ದರೂ ಬಂದಿರಬಹುದು. ಒಳ್ಳೆಯವರಿಗೆ ಒಳ್ಳೆಯವನು, ಇನಿಯರಿಗೆ ಇನಿಯನು, ಕಾಡುವವರಿಗೆ ಮಾತ್ರ ಕೇಡುಗಾಲ. ರಾಜನಲ್ಲದ ಒಬ್ಬ ವೀರನ ಹೆಸರು ಬಂಡೆಯ ಮೇಲೆ ಹೀಗೆ ಉಳಿದಿದೆ. ಅವನ ಹೆಸರಿನಲ್ಲಿ ಕಪ್ಪೆ ಏಕೆ ಬಂತು ಎಂಬ ಚರ್ಚೆಯಲ್ಲಿ ನಿಮ್ಮ ಮಕ್ಕಳು ಕೋಣೆಗೆ ಹಿಂದಿರುಗುವವರೆಗೂ ಮುಳುಗಿರುತ್ತಾರೆ.

ಒಂದು ಹಗೆಯ ಕಥೆಯನ್ನೂ ಅಲ್ಲೇ ಹೇಳಿಬಿಡಿ. ಮಾರನೆಯ ದಿನಕ್ಕೆ ಅದು ಬೇಕು. 642ರಲ್ಲಿ ಪಲ್ಲವರ ನರಸಿಂಹವರ್ಮ ಈ ಊರನ್ನು ಗೆದ್ದು, ಬಾದಾಮಿಯ ಬಂಡೆಯ ಮೇಲೆಯೇ ತನ್ನ ಶಾಸನ ಕೆತ್ತಿಸಿದ. ಸುಮಾರು ನೂರು ವರ್ಷದ ಬಳಿಕ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿಗೆ ನುಗ್ಗಿದ. ಊರು ಸುಡುತ್ತಾನೆ ಎಂದುಕೊಂಡರೆ, ಅಲ್ಲಿನ ಕೈಲಾಸನಾಥ ಗುಡಿಯ ಸಂಪತ್ತನ್ನು ನೋಡಿ ಅದನ್ನು ಗುಡಿಗೇ ಹಿಂದಿರುಗಿಸಿದ ಎಂದು ಅದೇ ಗುಡಿಯಲ್ಲಿ ಕನ್ನಡ ಶಾಸನ ಹಾಕಿಸಿದ. ಇವನದೂ ಗೆದ್ದವನ ಮಾತೇ, ಪೂರ್ತಿ ನಂಬಬೇಕೆಂದು ನಾನು ಹೇಳುವುದಿಲ್ಲ. ಆದರೂ ಸೇಡು ತೀರಿಸಿಕೊಳ್ಳಲು ಹೋದವನು ಅಕ್ಷರದಲ್ಲಿ ಏನನ್ನು ಬಿಟ್ಟುಬರಲು ಬಯಸಿದ ಎಂಬುದು ಹದಿನಾಲ್ಕರ ಮಗುವಿಗೆ ಅರ್ಥವಾಗುತ್ತದೆ.

ಎರಡನೆಯ ದಿನ ಪಟ್ಟದಕಲ್ಲು, ಬಾದಾಮಿಯಿಂದ ಸುಮಾರು 22 ಕಿ.ಮೀ. ನೆಲ ಸಮತಟ್ಟಾಗಿದೆ, ತಾಯಿಯವರಿಗೆ ಇಲ್ಲಿ ತೊಂದರೆಯಿಲ್ಲ. 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ. ಎಲ್ಲ ಗುಡಿಗಳನ್ನೂ ಸುತ್ತಬೇಡಿ, ವಿರೂಪಾಕ್ಷವೊಂದನ್ನೇ ಹಿಡಿಯಿರಿ. ಆ ಕಂಚಿಯ ಗೆಲುವಿನ ನೆನಪಿಗೆ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಇದು, ಆಗಿನ ಹೆಸರು ಲೋಕೇಶ್ವರ. ಪಕ್ಕದ ಮಲ್ಲಿಕಾರ್ಜುನ ಗುಡಿ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಇಬ್ಬರೂ ಅಕ್ಕತಂಗಿಯರು. ಗೆದ್ದವನು ಅವನು, ಕಟ್ಟಿಸಿದವರು ಇವರು. ಶಾಸನದಲ್ಲಿ ಕಂಚಿಯನ್ನು "ಮೂಮೆ" ಗೆದ್ದನೆಂದಿದೆ, ಮೂಮೆ ಎಂದರೆ ಮೂರು ಬಾರಿ.

ಇಲ್ಲಿನ ಶಾಸನಗಳಲ್ಲೇ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಉಳಿದರ್ಧ ಉತ್ತರ ಸಿಕ್ಕಿತು. ವಿರೂಪಾಕ್ಷ ಗುಡಿಯ ಸೂತ್ರಧಾರಿಯ, ಅಂದರೆ ಮುಖ್ಯ ಶಿಲ್ಪಿಯ, ಹೆಸರು ಗುಂಡ ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟರು. ಇನ್ನೊಬ್ಬ ಸರ್ವಸಿದ್ಧಿ ಆಚಾರಿ, "ತೆಂಕಣ ದಿಶೆಯ ಸೂತ್ರಧಾರಿ", ಎಂದರೆ ದಕ್ಷಿಣ ದಿಕ್ಕಿನ ಶಿಲ್ಪಿ. ಪಾಪನಾಥ ಗುಡಿಯಲ್ಲಿ ರೇವಡಿ ಓವಜ್ಜನ ಹೆಸರಿದೆ. ಹಾಡುವವರಿಗೆ ಹಿಂದಿನ ರಾಜ ವಿಜಯಾದಿತ್ಯ ಕೊಟ್ಟಿದ್ದ ಹಕ್ಕುಗಳನ್ನು ಲೋಕಮಹಾದೇವಿ ಮತ್ತೆ ಸ್ಥಿರಪಡಿಸಿದಳು ಎಂಬ ಮಾತೂ ಇದೆ. ನೇಮಕ ಮಾಡಿದವರು ಬದಲಾದ ಮೇಲೆ ಹಳೆಯ ಆದೇಶ ಊರ್ಜಿತವೋ ಅಲ್ಲವೋ ಎಂಬ ಚಿಂತೆ ಆಗಿನ ಕಲಾವಿದರಿಗೂ ಇತ್ತು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನನಗೆ ಇದು ಎಷ್ಟು ಹತ್ತಿರದ ಸಂಗತಿಯೆಂದು ನೌಕರಿಯಲ್ಲಿದ್ದವರಿಗೆ ಹೇಳಬೇಕಾಗಿಲ್ಲ.

ಮಧ್ಯಾಹ್ನ ಪಟ್ಟದಕಲ್ಲಿನಲ್ಲಿ ಉಳಿಯಬೇಡಿ. ಗುಳೇದಗುಡ್ಡಕ್ಕೆ ಹೋಗಿ, ಖಣ ನೇಯುವ ಮನೆಯೊಂದರಲ್ಲಿ ಅನುಮತಿ ಕೇಳಿ ಅರ್ಧ ಗಂಟೆ ಕುಳಿತುಕೊಳ್ಳಿ. ಕುಪ್ಪಸದ ಖಣವನ್ನು ನಿಮ್ಮ ತಾಯಿ ಉಡಿಯಲ್ಲಿ ಹಾಕಿಸಿಕೊಂಡಿರುತ್ತಾರೆ, ಮಕ್ಕಳು ಅದು ಮಗ್ಗದಲ್ಲಿ ಹುಟ್ಟುವುದನ್ನು ನೋಡಿರುವುದಿಲ್ಲ. ಐಹೊಳೆಗೂ ಹೋಗುವವರಾದರೆ ಇಳಕಲ್ಲನ್ನು ಸೇರಿಸಿಕೊಳ್ಳಬಹುದು. ಅಲ್ಲಿ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸುವುದೇ ನೋಡಬೇಕಾದ ಕೈಚಳಕ. ಫೋಟೊ ತೆಗೆಯುವ ಮೊದಲು ಕೇಳಿ, ಕೆಲಸ ನಿಲ್ಲಿಸಿ ಮಾತನಾಡಿದವರಿಂದ ಒಂದು ಖಣವನ್ನಾದರೂ ಕೊಳ್ಳಿ. ಚೌಕಾಸಿಯನ್ನು ಬೆಂಗಳೂರಿನ ಮಾಲಿನಲ್ಲಿ ಮಾಡಿಕೊಳ್ಳಿ.

ಊಟಕ್ಕೆ ಬನಶಂಕರಿ. ಬಾದಾಮಿಯಿಂದ ಐದು ಕಿ.ಮೀ. ಗುಡಿಯ ಬಳಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಪುಟ್ಟ ಗಡಿಗೆಯಲ್ಲಿ ಮೊಸರು ಇಟ್ಟುಕೊಂಡು ಕುಳಿತಿರುತ್ತಾರೆ. ಹೋಟೆಲು ಹುಡುಕಬೇಡಿ. ಜನವರಿಯ ಆಸುಪಾಸಿನಲ್ಲಿ ಬರುವವರಾದರೆ ಬನದ ಹುಣ್ಣಿಮೆಯ ಲೆಕ್ಕ ನೋಡಿಕೊಳ್ಳಿ. ಜಾತ್ರೆಯಲ್ಲಿ ನಾಟಕ ಕಂಪನಿಗಳು ಡೇರೆ ಹಾಕಿರುತ್ತವೆ. ಒಂದು ರಾತ್ರಿ ನಾಟಕ ನೋಡಿದ ಮಗುವಿಗೆ ಮರುದಿನ ಶಾಸನ ಸ್ವಲ್ಪ ಸಪ್ಪೆ ಎನಿಸಬಹುದು, ಆದರೂ ಬಿಡಬೇಡಿ. ಆಗ ಕೋಣೆ ಸಿಗುವುದು ಮಾತ್ರ ಕಷ್ಟ, ಮುಂಚೆಯೇ ಗೊತ್ತುಮಾಡಿಕೊಳ್ಳಿ.

ಐಹೊಳೆಯನ್ನು ಚಿಕ್ಕದಾಗಿ ಹೇಳುತ್ತೇನೆ. ದುರ್ಗದ ಗುಡಿಗೂ ದುರ್ಗಾದೇವಿಗೂ ಸಂಬಂಧವಿಲ್ಲ, ಕೋಟೆಗೆ ಅಂಟಿಕೊಂಡಿದ್ದ ಗುಡಿ ಅದು. ಲಾಡ್‌ಖಾನ್ ಗುಡಿಗೆ ಅಲ್ಲಿ ವಾಸವಿದ್ದವನ ಹೆಸರೇ ಉಳಿದಿದೆ. ಅಂಬಿಗೇರ ಗುಡಿ, ಬಡಿಗೇರ ಗುಡಿ, ಗೌಡರ ಗುಡಿ ಎಂಬ ಹೆಸರುಗಳನ್ನು ಮಕ್ಕಳು ಪಟ್ಟಿ ಮಾಡಲಿ. ದೇವರ ಹೆಸರು ಮರೆತು ನೆರೆಹೊರೆಯವರ ಹೆಸರು ನಿಂತಿದೆ. ಬೆಳಿಗ್ಗೆ ಬಿಸಿಲೇರುವ ಮೊದಲು ಗುಡ್ಡ ಹತ್ತಿ ಮೇಗುತಿಗೆ ಹೋಗಿ. ಮೇಲಿನ ಗುಡಿಯೇ ಬಾಯಿಂದ ಬಾಯಿಗೆ ಮೇಗುತಿಯಾದದ್ದು. ಅಲ್ಲಿ 634ರ ರವಿಕೀರ್ತಿಯ ಶಾಸನವಿದೆ, ಭಾಷೆ ಸಂಸ್ಕೃತ. ಇಮ್ಮಡಿ ಪುಲಕೇಶಿಯ ಭಯದಿಂದ ಹರ್ಷನ ಹರ್ಷ ಕರಗಿತು ಎಂಬ ಶ್ಲೇಷೆ ಅದರಲ್ಲಿದೆ. ಜೊತೆಗೆ ಕವಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದಾನೆ. ಜಂಬವೆನ್ನಿ, ಆದರೆ ಕಾಳಿದಾಸ ಈ ವರ್ಷಕ್ಕಿಂತ ಮುಂಚಿನವನೆಂದು ನಿಶ್ಚಯಿಸಲು ವಿದ್ವಾಂಸರಿಗೆ ಆಧಾರವಾದದ್ದು ಆ ಜಂಬವೇ. ಗುಡಿಯ ಹಿಂದೆ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಕಲ್ಲಿನ ಗೋರಿಗಳಿವೆ. ಚಾಲುಕ್ಯರಿಗೂ ಅವು ಹಳೆಯ ಕಾಲದವೇ.

ಮಾರ್ಗದರ್ಶಿ ಬೇಕೇ ಎಂದು ಕೇಳಿದ್ದೀರಿ. ಬೇಕು, ಆದರೆ ಮೊದಲೇ ಮಾತನಾಡಿಕೊಳ್ಳಿ: "ಎಲ್ಲ ಮೂರ್ತಿಗಳೂ ಬೇಡ, ಶಾಸನಗಳನ್ನು ತೋರಿಸಿ, ಮಕ್ಕಳು ಕೇಳಿದಷ್ಟು ಹೊತ್ತು ನಿಲ್ಲಿ." ಒಮ್ಮೆ ನಮಗೆ ಸಿಕ್ಕವನು ಪ್ರತಿ ಕಂಬಕ್ಕೂ ಒಂದು ಪ್ರೇಮಕಥೆ ಹೇಳಿದ. ಹುಡುಗರು ಅದನ್ನು ಇಂದಿಗೂ ಮರೆತಿಲ್ಲ, ಅದೇ ನನ್ನ ದುಃಖ. ಬಾದಾಮಿಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಅದನ್ನು ನೋಡಿಕೊಂಡು ದಿನ ಗೊತ್ತುಮಾಡಿ. ನವೆಂಬರಿನಿಂದ ಫೆಬ್ರುವರಿಯೊಳಗೆ ಬನ್ನಿ. ಬೇಸಿಗೆಯಲ್ಲಿ ಆ ಕೆಂಪು ಮರಳುಗಲ್ಲಿನ ಮೇಲೆ ಬರಿಗಾಲಿಡಲಾಗುವುದಿಲ್ಲ. ತಾಯಿಯವರನ್ನು ಬಾದಾಮಿಯ ಗುಹೆಗಳಿಗೆ ಹತ್ತಿಸಬೇಡಿ. ಆ ಮೆಟ್ಟಿಲುಗಳು ಅವರ ಮಂಡಿಗಲ್ಲ. ಕೆಳಗೆ ನೆರಳಲ್ಲಿ ಕೂರಿಸಿ, ಅರ್ಧ ವೀಸದ ಲೆಕ್ಕ ಕೇಳಲು ಮಕ್ಕಳೇ ಅವರ ಬಳಿ ಇಳಿದು ಬರಲಿ. ಮತ್ತೆ, ಗುಹೆಗೆ ಹತ್ತುವಾಗ ಯಾರ ಕೈಯಲ್ಲೂ ಬಾಳೆಹಣ್ಣಾಗಲಿ ಬಿಸ್ಕತ್ತಿನ ಪೊಟ್ಟಣವಾಗಲಿ ಇರದಂತೆ ನೋಡಿಕೊಳ್ಳಿ. ಆ ಮಂಗಗಳ ವಂಶ ಇನ್ನೂ ಅಲ್ಲೇ ಇದೆ.