ಕೇಳದೆ ಕೊಟ್ಟ ತೀರ್ಪು

ಹೊನ್ನಾವರದಿಂದ ಹಿರಿಯ ಓದುಗರೊಬ್ಬರು ಬರೆಯುತ್ತಾರೆ: "ಕಳೆದ ಸಂಚಿಕೆಯಲ್ಲಿ ಮೆಟಾಲಿಕಾ ಎಂಬ ಹೆವಿ ಮೆಟಲ್ ತಂಡದ ‘ಒನ್’ ಹಾಡಿಗೆ ಎರಡು ಪುಟ ಮೀಸಲಿಟ್ಟಿದ್ದೀರಿ. ಕುತೂಹಲದಿಂದ ಕೇಳಲು ಕೂತವನು ಎರಡು ನಿಮಿಷಕ್ಕೆ ಸಾಕಾಗಿ ನಿಲ್ಲಿಸಿದೆ. ಇದು ಸಂಗೀತವಲ್ಲ, ಗದ್ದಲ. 1989ರಲ್ಲಿ ಅಮೆರಿಕದ ಸಂಗೀತ ಪ್ರಶಸ್ತಿಯಾದ ಗ್ರ್ಯಾಮಿ ಇವರಿಗೆ ತಪ್ಪಿ ಕೊಳಲು ನುಡಿಸುವ ತಂಡಕ್ಕೆ ಹೋದದ್ದು ಅನ್ಯಾಯವೆಂದು ನಿಮ್ಮ ಲೇಖಕರ ಅಭಿಪ್ರಾಯ. ನನಗೆ ಅದೇ ನ್ಯಾಯವೆನಿಸುತ್ತದೆ. ಯುದ್ಧದ ದುಃಖ ಹೇಳಿಕೊಳ್ಳಲು ಇಷ್ಟು ಅಬ್ಬರ ಏಕೆ ಬೇಕು?"

ಮಾನ್ಯರೇ,

ಪತ್ರಿಕೆಯ ಮೇಲೆ ಸಿಟ್ಟು ಬಂದಾಗ ಸದ್ದಿಲ್ಲದೆ ಚಂದಾ ನಿಲ್ಲಿಸುವವರೇ ಹೆಚ್ಚು, ಕಾರಣ ಕೊಟ್ಟು ಜಗಳಕ್ಕೆ ಬರುವವರು ಕಡಿಮೆ. ನೀವು ಎರಡನೆಯ ಗುಂಪಿನವರಾದ್ದರಿಂದ ನಿಮಗೆ ನಾಲ್ಕು ಸಾಲಿನ ಉತ್ತರ ಬರೆದು ಮುಗಿಸಲು ಮನಸ್ಸು ಬರುತ್ತಿಲ್ಲ. ಒಪ್ಪಬೇಕಾದುದನ್ನು ಮೊದಲೇ ಒಪ್ಪಿಬಿಡುತ್ತೇನೆ. ಆ ವರ್ಷ ಪ್ರಶಸ್ತಿ ಗೆದ್ದ ಬ್ರಿಟನ್ನಿನ ಜೆಥ್ರೊ ಟಲ್ ಸಾಮಾನ್ಯ ತಂಡವೇನಲ್ಲ, ರಾಕ್ ಸಂಗೀತದ ನಟ್ಟನಡುವೆ ಕೊಳಲನ್ನು ತಂದು ನಿಲ್ಲಿಸಿದ ಇಯಾನ್ ಆ್ಯಂಡರ್ಸನ್ ಅವರ ವಿದ್ವತ್ತನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಆದರೆ ಅಂದು ಕೊಟ್ಟದ್ದು ಒಳ್ಳೆಯ ಕೊಳಲುವಾದನದ ಪ್ರಶಸ್ತಿಯಲ್ಲ. ಹಾರ್ಡ್ ರಾಕ್ ಮತ್ತು ಮೆಟಲ್ ಸಂಗೀತಕ್ಕೆಂದೇ ಹೊಸದಾಗಿ ಒಂದು ವಿಭಾಗ ತೆರೆದು, ಅದರಲ್ಲಿ ಮೊಟ್ಟಮೊದಲ ಬಾರಿಗೆ ಕೊಡುತ್ತಿದ್ದ ಪ್ರಶಸ್ತಿ ಅದು. 1989ರ ಫೆಬ್ರವರಿ 22ರ ರಾತ್ರಿ ಲಾಸ್ ಏಂಜಲೀಸ್‌ನ ಶ್ರೈನ್ ಸಭಾಂಗಣದಲ್ಲಿ ಮೆಟಾಲಿಕಾದ ನಾಲ್ವರು ಇದೇ ‘ಒನ್’ ಹಾಡನ್ನು ವೇದಿಕೆಯ ಮೇಲೆ ನುಡಿಸಿದರು. ಬಳಿಕ ರಾಕ್ ಗಾಯಕರಾದ ಆಲಿಸ್ ಕೂಪರ್ ಮತ್ತು ಲೀಟಾ ಫೋರ್ಡ್ ಬಂದು ಲಕೋಟೆ ಒಡೆದು ಜೆಥ್ರೊ ಟಲ್ ಹೆಸರು ಓದಿದಾಗ ಸಭೆಯಲ್ಲಿ ಧಿಕ್ಕಾರದ ಕೂಗೆದ್ದಿತು. ಗೆದ್ದವರು ಬಂದೇ ಇರಲಿಲ್ಲ. ಗೆಲ್ಲುವ ಸಾಧ್ಯತೆಯಿಲ್ಲ, ಪ್ರಯಾಣ ವ್ಯರ್ಥ ಎಂದು ಅವರ ಧ್ವನಿಮುದ್ರಣ ಕಂಪನಿಯೇ ಅವರನ್ನು ತಡೆದಿತ್ತು. ಸ್ವತಃ ಗೆದ್ದವರೂ ನಿರೀಕ್ಷಿಸಿರದ ಆಯ್ಕೆ ಹೇಗೆ ನಡೆಯಿತು? ಹಾಡುಗಳನ್ನು ಕೇಳಿ ಹೋಲಿಸುವ ಗೋಜಿಗೆ ಹೋಗದೆ, ಮತಪತ್ರದಲ್ಲಿದ್ದ ಐದು ಹೆಸರುಗಳಲ್ಲಿ ಹಳೆಯ ಪರಿಚಯದ ಹೆಸರಿಗೆ ಪ್ರಶಸ್ತಿ ಕೊಡುವ ಅಕಾಡೆಮಿಯ ಅನೇಕ ಸದಸ್ಯರು ಗುರುತು ಹಾಕಿದರು ಎಂಬುದೇ ನನ್ನ ನಂಬಿಕೆ. ಮರುವರ್ಷ ಹಾರ್ಡ್ ರಾಕ್ ಮತ್ತು ಮೆಟಲ್ ವಿಭಾಗಗಳನ್ನು ಬೇರ್ಪಡಿಸಿದರು, ಮೆಟಲ್ ವಿಭಾಗದ ಪ್ರಶಸ್ತಿಯನ್ನು ‘ಒನ್’ ಹಾಡಿಗೇ ಕೊಟ್ಟರು. ಹಿಂದಿನ ವರ್ಷದ ತೀರ್ಪಿನ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಬೇಕಿಲ್ಲ.

ಇನ್ನು ನೀವು ಕೇಳಿದ ಎರಡು ನಿಮಿಷಗಳ ವಿಷಯ. ನಿಮ್ಮ ಮೇಲೆ ನನ್ನ ಆಕ್ಷೇಪವಿರುವುದು ಇಲ್ಲಿಯೇ. ‘ಒನ್’ ಏಳೂವರೆ ನಿಮಿಷಕ್ಕೆ ತುಸು ಕಡಿಮೆಯಿರುವ ಹಾಡು. ಆರಂಭದಲ್ಲಿ ದೂರದ ಯುದ್ಧಭೂಮಿಯ ಸದ್ದು ಕೆಲವು ಸೆಕೆಂಡು ಕೇಳಿಸುತ್ತದೆ. ಅದು ಕಳೆದ ಮೇಲೆ ಗಿಟಾರಿನ ತಂತಿಗಳನ್ನು ಒಂದೊಂದಾಗಿ ಮೀಟುವ ನಿಧಾನಗತಿಯ, ಶುದ್ಧವಾದ, ಶೋಕದ ಸ್ವರಗಳು ಬರುತ್ತವೆ. ಜೇಮ್ಸ್ ಹೆಟ್‌ಫೀಲ್ಡ್ ಬಹುಮಟ್ಟಿಗೆ ತಗ್ಗಿದ ದನಿಯಲ್ಲಿಯೇ ಹಾಡತೊಡಗುತ್ತಾರೆ. ಅಬ್ಬರ ಪಲ್ಲವಿಯಲ್ಲಿ ಒಮ್ಮೆ ಏರಿ ಮತ್ತೆ ಇಳಿಯುತ್ತದೆ. ನೀವು ಗದ್ದಲವೆಂದು ಕರೆದದ್ದು ನಿಜವಾಗಿ ಶುರುವಾಗುವುದು ನಾಲ್ಕು ನಿಮಿಷ ದಾಟಿದ ಮೇಲೆ. ಲಾರ್ಸ್ ಉಲ್ರಿಕ್ ಆಗ ಎರಡೂ ಕಾಲುಗಳಿಂದ ಬೇಸ್ ಡ್ರಮ್ಮುಗಳನ್ನು ಮೆಷಿನ್ ಗನ್ನಿನಂತೆ ಬಿಟ್ಟು ಬಿಟ್ಟು ಸಿಡಿಸುತ್ತಾರೆ, ಗಿಟಾರುಗಳು ಅದೇ ಲಯಕ್ಕೆ ಬೀಗ ಹಾಕಿದಂತೆ ಸೇರಿಕೊಳ್ಳುತ್ತವೆ. ಹೀಗಿರುವಾಗ ಎರಡನೆಯ ನಿಮಿಷಕ್ಕೆ ಎದ್ದುಹೋದವರಿಗೆ ಗದ್ದಲ ಕೇಳಿಸಿತೆಂದರೆ ಅದು ಹಾಡಿನಿಂದ ಬಂದದ್ದಾಗಿರಲಾರದು. ಹೆವಿ ಮೆಟಲ್ ಎಂಬ ಹಣೆಪಟ್ಟಿ ನೋಡಿದಾಗಲೇ ಅದು ತಮ್ಮ ಕಿವಿಯಲ್ಲಿ ಸದ್ದು ಮಾಡುತ್ತಿತ್ತೇನೋ.

ಅಬ್ಬರ ಏಕೆ ಬೇಕು ಎಂಬ ಪ್ರಶ್ನೆ ಮಾತ್ರ ಗಂಭೀರವಾದದ್ದು. ಅದಕ್ಕೆ ಉತ್ತರ ಹಾಡಿನ ಬೇರಿನಲ್ಲಿದೆ. ಮಿದುಳೊಂದನ್ನು ಬಿಟ್ಟು ಮತ್ತೇನೂ ಉಳಿಯದ ಮನುಷ್ಯನ ಸ್ಥಿತಿ ಹೇಗಿರಬಹುದು ಎಂಬ ಕಲ್ಪನೆ ಹೆಟ್‌ಫೀಲ್ಡ್ ಅವರನ್ನು ಕಾಡುತ್ತಿತ್ತು. ಆಗ ಅವರ ವ್ಯವಸ್ಥಾಪಕರು ಡಾಲ್ಟನ್ ಟ್ರಂಬೊ ಅವರ ‘ಜಾನಿ ಗಾಟ್ ಹಿಸ್ ಗನ್’ ಕಾದಂಬರಿಯತ್ತ ಬೊಟ್ಟು ಮಾಡಿದರು. ಎರಡನೆಯ ಮಹಾಯುದ್ಧ ಶುರುವಾದ 1939ರ ಸೆಪ್ಟೆಂಬರಿನಲ್ಲಿಯೇ ಹೊರಬಂದ ಪುಸ್ತಕ ಅದು. ಮೊದಲನೆಯ ಮಹಾಯುದ್ಧದಲ್ಲಿ ಸಿಡಿದ ಫಿರಂಗಿ ಗುಂಡಿಗೆ ಕೈ, ಕಾಲು, ಕಣ್ಣು, ಕಿವಿ, ಬಾಯಿ ಎಲ್ಲವನ್ನೂ ಕಳೆದುಕೊಂಡು, ಯೋಚಿಸುವ ಶಕ್ತಿಯನ್ನು ಮಾತ್ರ ಉಳಿಸಿಕೊಂಡು ಆಸ್ಪತ್ರೆಯಲ್ಲಿ ಬಿದ್ದಿರುವ ಜೋ ಎಂಬ ಹುಡುಗನ ಕಥೆ. ಹಾಡಿನಲ್ಲಿ ಆ ಗುಂಡು ನೆಲಬಾಂಬ್ ಆಗಿದೆ. ಕಮ್ಯುನಿಸ್ಟರೆಂಬ ಗುಮಾನಿಯ ಮೇಲೆ ವಿಚಾರಣೆಗೆ ಕರೆದಾಗ ಉತ್ತರಿಸಲು ಒಪ್ಪದೆ ಜೈಲಿಗೆ ಹೋದವರು ಟ್ರಂಬೊ. ಹಾಲಿವುಡ್ ಬಾಗಿಲು ಮುಚ್ಚಿದ್ದರಿಂದ ವರ್ಷಗಟ್ಟಲೆ ಬೇರೆಯವರ ಹೆಸರಿನಲ್ಲಿ ಚಿತ್ರಕಥೆ ಬರೆದರು. 1971ರಲ್ಲಿ ಈ ಕಾದಂಬರಿಯನ್ನು ತಾವೇ ಸಿನಿಮಾ ಮಾಡಿದರು. ಅದರಲ್ಲಿ ದಾದಿಯೊಬ್ಬಳು ಜೋನ ಬರಿ ಎದೆಯ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದು ಕ್ರಿಸ್ಮಸ್ ಶುಭಾಶಯ ತಿಳಿಸುವ ದೃಶ್ಯವಿದೆ. ಅಕ್ಷರ ಗುರುತಿಸಿದ ಆತ ತಲೆಯನ್ನು ದಿಂಬಿಗೆ ಬಡಿದು ಬಡಿದು ಮೋರ್ಸ್ ಸಂಕೇತದಲ್ಲಿ ಹೊರಜಗತ್ತಿನ ಜೊತೆ ಮಾತಾಡಲು ಯತ್ನಿಸುತ್ತಾನೆ. ತನ್ನನ್ನು ಜನರಿಗೆ ತೋರಿಸಿ, ಇಲ್ಲವೇ ಕೊಂದುಬಿಡಿ ಎಂಬುದು ಅವನ ಬೇಡಿಕೆ. ಅಧಿಕಾರಿಗಳು ಎರಡನ್ನೂ ನಡೆಸಿಕೊಡುವುದಿಲ್ಲ.

ಈಗ ಹೇಳಿ, ಬಾಯಿಯೇ ಇಲ್ಲದವನ ಚೀರಾಟವನ್ನು ಯಾವ ವಾದ್ಯ ನುಡಿಸಬೇಕು? ಹಾಡಿನ ಮೊದಲರ್ಧ ಅವನ ಹೊರಗಿನ ಮೌನ, ಉತ್ತರಾರ್ಧ ಒಳಗಿನ ಕೂಗು. ತಮ್ಮ ಊರಿನ ಕಡೆ ಬಯಲಾಟದಲ್ಲಿ ಭಾಗವತರ ಕರುಣರಸದ ಪದಕ್ಕೆ ಮದ್ದಳೆ ಸಾಕಾಗುತ್ತದೆ, ಯುದ್ಧದ ಸನ್ನಿವೇಶ ಬಂತೆಂದರೆ ಚೆಂಡೆ ಬೇಕೇಬೇಕು. ಇಡೀ ರಾತ್ರಿ ಆ ಚೆಂಡೆ ಕೇಳುತ್ತ ಕೂತವರಾರೂ ಅದನ್ನು ಗದ್ದಲವೆನ್ನುವುದಿಲ್ಲ, ಅದು ಎಲ್ಲಿ ಏಕೆ ಬಂತೆಂದು ಅವರಿಗೆ ತಿಳಿದಿರುತ್ತದೆ.

ಕೇಳದೆ, ನೋಡದೆ ತೀರ್ಪು ಕೊಟ್ಟವರು ಪ್ರಶಸ್ತಿಯ ಮತದಾರರಷ್ಟೇ ಅಲ್ಲ. ಮೊದಲ ಮೂರು ಆಲ್ಬಂಗಳಿಗೆ ಒಂದೂ ವಿಡಿಯೊ ಮಾಡದ ಮೆಟಾಲಿಕಾ ತಮ್ಮ ಪ್ರಪ್ರಥಮ ವಿಡಿಯೊ ಮಾಡಿದ್ದು ಈ ಹಾಡಿಗೆ. ಅದು ಸಂಗೀತ ವಾಹಿನಿ ಎಂಟಿವಿಯಲ್ಲಿ ಬಂದಾಗ ಹಳೆಯ ಅಭಿಮಾನಿಗಳಲ್ಲಿ ಹಲವರು ತಂಡ ತನ್ನನ್ನು ಮಾರಿಕೊಂಡಿತೆಂದು ಹುಯಿಲೆಬ್ಬಿಸಿದರು. ಮಾರಾಟಕ್ಕೆ ಹೊರಟವರು ಕೈಕಾಲಿಲ್ಲದ ಸೈನಿಕನನ್ನು ಮುಂದಿಟ್ಟುಕೊಂಡು ಹೋಗುತ್ತಾರೆಯೇ? ಖಾಲಿ ಗೋದಾಮಿನಲ್ಲಿ ನುಡಿಸುತ್ತಿರುವ ತಂಡದ ಕಪ್ಪುಬಿಳುಪು ಚಿತ್ರಗಳ ನಡುವೆ ಟ್ರಂಬೊ ಸಿನಿಮಾದ ತುಣುಕುಗಳನ್ನು ಸೇರಿಸಿದ ಆ ವಿಡಿಯೊದಲ್ಲಿ ಕಣ್ಣಿಗೆ ಹಿತವಾದ ಒಂದು ಚೌಕಟ್ಟೂ ಇಲ್ಲ. ಅಷ್ಟಾಗಿಯೂ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 35ನೆಯ ಸ್ಥಾನಕ್ಕೆ ಏರಿತು, ಮೊದಲ ನಲವತ್ತರೊಳಗೆ ಬಂದ ಅವರ ಮೊದಲ ಹಾಡಾಯಿತು. ದೋಷ ಹುಡುಕುವವರಿಗೆ ನಿಜವಾದ ದೋಷ ಬೇರೆಯೇ ಇತ್ತು. 1986ರಲ್ಲಿ ಸ್ವೀಡನ್ನಿನ ಬಸ್ ಅಪಘಾತದಲ್ಲಿ ತೀರಿಕೊಂಡ ಕ್ಲಿಫ್ ಬರ್ಟನ್ ಅವರ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್ ಅವರ ಬೇಸ್ ಗಿಟಾರ್ ಈ ಹಾಡಿರುವ ಆಲ್ಬಂನಲ್ಲಿ ಕೇಳಿಸುವುದೇ ಕಷ್ಟ. ಹಾಡನ್ನು ಕಿವಿಗೊಟ್ಟು ಕೇಳಿದವರು ಎತ್ತಿದ ತಕರಾರು ಇದು, ಇಂಥ ತಕರಾರಿಗೆ ನಾನು ತಲೆಬಾಗುತ್ತೇನೆ.

ಮೂರು ದಶಕಕ್ಕೂ ಹಳೆಯ ವಿದೇಶಿ ಪ್ರಶಸ್ತಿಯ ಬಗ್ಗೆ ನನಗಿಷ್ಟು ಸಂಕಟವೇಕೆ ಎಂದು ತಾವು ಕೇಳಬಹುದು. ನಮ್ಮಲ್ಲಿಯೂ ಇದೇ ನಡೆಯುತ್ತಿದೆ. ಹಿಂದೊಮ್ಮೆ ನಾನು ಕೂತಿದ್ದ ಪುಸ್ತಕ ಆಯ್ಕೆ ಸಮಿತಿಯೊಂದರಲ್ಲಿ ಅಂತಿಮ ಸಭೆಯ ದಿನವೂ ಕೆಲವು ಪುಸ್ತಕಗಳ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿರಲಿಲ್ಲ. "ಹುಡುಗಿಗೆ ಇನ್ನೂ ವಯಸ್ಸಿದೆ, ಹಿರಿಯರಿಗೆ ಈ ಸಲ ಆಗಿಬಿಡಲಿ" ಎಂಬ ಒಂದು ಮಾತಿನ ಮೇಲೆ ಸಭೆ ಮುಗಿಯಿತು, ಕಾಫಿ ಬಂತು. ಆ ಹುಡುಗಿಯ ಕವಿತೆಗಳನ್ನು ಓದಿ ತಿರಸ್ಕರಿಸಿದ್ದರೆ ನನಗೆ ದುಃಖವಿರುತ್ತಿರಲಿಲ್ಲ. ಹಿರಿಯರಿಗೂ ಅಲ್ಲಿ ಗೌರವ ಸಲ್ಲಲಿಲ್ಲ, ಅವರ ಪುಸ್ತಕವನ್ನೂ ಯಾರೂ ಓದಿರಲಿಲ್ಲ. 1989ರ ಆ ರಾತ್ರಿ ಇಯಾನ್ ಆ್ಯಂಡರ್ಸನ್ ಅವರಿಗೆ ಆದದ್ದೂ ಇದೇ ಅವಮಾನ.

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಈ ಹಾಡು ಕೇಳಲು ನಮ್ಮ ಹುಡುಗರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಸೇರಿದ್ದರು. ಅವರ ಅಭಿರುಚಿ ಕೆಟ್ಟಿದೆ ಎನ್ನುವ ಮೊದಲು ದಯವಿಟ್ಟು ಉಳಿದ ಐದೂವರೆ ನಿಮಿಷವನ್ನೂ ಕೇಳಿ. ಆಮೇಲೂ ಅದು ಗದ್ದಲವೆನಿಸಿದರೆ ಎಲ್ಲಿ, ಏಕೆ ಹಾಗೆನಿಸಿತೆಂದು ವಿವರವಾಗಿ ಬರೆಯಿರಿ. ಆ ಪತ್ರವನ್ನು ಒಂದು ಸಾಲೂ ಬಿಡದೆ ಪ್ರಕಟಿಸುತ್ತೇವೆ.

— ಸಂಪಾದಕ