ಬರೀ ‘ಲೋ’ ಕಾಣಿಸುತ್ತಿದೆ, ಮೋಡೆಮ್ ಬದಲಿಸಲಾ?

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಹಳೇ ಡೆಸ್ಕ್‌ಟಾಪ್‌ನಲ್ಲಿ ಉಬುಂಟು ಇತ್ತು. ಅದರ ಪಕ್ಕದ ಪಾರ್ಟಿಶನ್‌ನಲ್ಲಿ ‘ಲಿನಕ್ಸ್ ಫ್ರಮ್ ಸ್ಕ್ರಾಚ್’ (ಲಿನಕ್ಸನ್ನು ಸೋರ್ಸ್ ಕೋಡ್‌ನಿಂದ ನಾವೇ ಕಟ್ಟುವುದು ಹೇಗೆಂದು ಹೇಳುವ) ಪುಸ್ತಕ ನೋಡಿಕೊಂಡು ನನ್ನದೇ ಲಿನಕ್ಸ್ ಕಟ್ಟಿದೆ. ಬೂಟ್ ಆಗುತ್ತದೆ, ಇಂಟರ್‌ನೆಟ್ ಇಲ್ಲ. ‘ಐಪಿ ಲಿಂಕ್’ ಕಮಾಂಡ್ ಕೊಟ್ಟರೆ ‘ಲೋ’ ಒಂದೇ ಬರುತ್ತದೆ. ಉಬುಂಟುವಿನಲ್ಲಿ ಇದೇ ಕೇಬಲ್ ಸರಿಯಾಗಿದೆ. ಮೋಡೆಮ್ ಬದಲಿಸಲಾ?
– ಒಬ್ಬ ಓದುಗ, ಹಾಸನ

ಉತ್ತರ: ಮೋಡೆಮ್ ತಂಟೆಗೆ ಹೋಗಬೇಡಿ. ಉಬುಂಟುವಿನಲ್ಲಿ ಸರಿಯಾಗಿದೆ ಅಂತ ನೀವೇ ಬರೆದಿದ್ದೀರಲ್ಲ, ಕೇಬಲ್ಲು, ಕಾರ್ಡು ಎರಡೂ ಪಾಸು. ‘ಲೋ’ ಅಂದರೆ ಯಂತ್ರ ತನ್ನ ಜೊತೆ ತಾನೇ ಮಾತಾಡಿಕೊಳ್ಳುವ ದಾರಿ. ಅದೊಂದೇ ಇದೆ ಅಂದರೆ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಸೇರಿಸದೆ ಕರ್ನಲ್ (ಲಿನಕ್ಸ್‌ನ ತಿರುಳು) ಕಂಪೈಲ್ ಮಾಡಿದ್ದೀರಿ ಅಂತ ನನ್ನ ಅಂದಾಜು. ನಾನೂ ಮೊದಲ ಸಲ ಹೀಗೇ ಮಾಡಿ ಎರಡು ರಾತ್ರಿ ಕಳೆದೆ. ಐಪಿ ಅಡ್ರೆಸ್‌ನ ಫೈಲನ್ನೇ ತಿದ್ದಿದ್ದು, ತಿದ್ದಿದ್ದು. ನಮ್ಮ ಮನೆಯವರು ‘ವೈರ್ ಹಾಕಿದ್ದೀರಾ?’ ಅಂತ ಕೇಳಿದಾಗ ಬಂದ ಸಿಟ್ಟು ಇನ್ನೂ ನೆನಪಿದೆ.

ಉಬುಂಟುವಿಗೆ ಹೋಗಿ ‘ಎಲ್‌ಎಸ್‌ಪಿಸಿಐ -ಕೆ’ ಕೊಡಿ. ಈಥರ್‌ನೆಟ್ ಅಂತ ಇರುವ ಕಡೆ, ಕೆಳಗಿನ ಸಾಲಿನಲ್ಲಿ ಬಳಕೆಯಲ್ಲಿರುವ ಡ್ರೈವರ್ ಹೆಸರು ಇರುತ್ತದೆ. ರಿಯಲ್‌ಟೆಕ್ ಕಾರ್ಡ್ ಆದರೆ ಸಾಮಾನ್ಯವಾಗಿ ‘ಆರ್8169’. ಕರ್ನಲ್‌ನಲ್ಲಿ ಏನೇನಿರಬೇಕು ಅಂತ ಆರಿಸುವ ‘ಮೇಕ್ ಮೆನುಕಾನ್ಫಿಗ್’ನಲ್ಲಿ ಸ್ಲ್ಯಾಶ್ ಒತ್ತಿ ಆ ಹೆಸರು ಹುಡುಕಿ, ‘ಎಂ’ ಹಾಕಿ, ಅಂದರೆ ಮಾಡ್ಯೂಲ್, ಬೇಕಾದಾಗ ಡಿಸ್ಕ್‌ನಿಂದ ಸೇರಿಕೊಳ್ಳುವ ತುಣುಕು. ‘ವೈ’ ಹಾಕಿ ಕರ್ನಲ್ ಒಳಗೇ ಕೂರಿಸಿದರೆ ಡಿಸ್ಕ್ ಮೌಂಟ್ ಆಗುವ ಮುಂಚೆಯೇ ಡ್ರೈವರ್ ಏಳುತ್ತದೆ, ಡಿಸ್ಕ್‌ನಲ್ಲಿರುವ ಫರ್ಮ್‌ವೇರ್ (ಕಾರ್ಡಿನೊಳಗೇ ಓಡುವ ಸಾಫ್ಟ್‌ವೇರ್) ಅದಕ್ಕೆ ಸಿಗದೇ ಹೋಗಬಹುದು. ಫರ್ಮ್‌ವೇರ್ ಉಬುಂಟುವಿನಿಂದಲೇ ಕಾಪಿ ಮಾಡಬಹುದು. ಹೊಸ ಉಬುಂಟು ಆದರೆ ಅದನ್ನು ‘ಝಡ್‌ಸ್ಟ್ಯಾಂಡರ್ಡ್’ ಎಂಬ ಕಂಪ್ರೆಶನ್‌ನಲ್ಲಿ ಕಟ್ಟಿಟ್ಟಿರುತ್ತಾರೆ, ಬಿಚ್ಚಿ ಹಾಕಿ.

ಕರ್ನಲ್ ಮತ್ತೆ ಕಂಪೈಲ್ ಮಾಡಿ ಬೂಟ್ ಮಾಡಿ, ಕಾರ್ಡ್ ಕಂಡ ಮೇಲೆ ಅಡ್ರೆಸ್. ಪುಸ್ತಕದ ಸಿಸ್ಟಮ್‌ಡಿ ಆವೃತ್ತಿ ಕಟ್ಟಿದ್ದರೆ ಅದರಲ್ಲೇ ಡಿಎಚ್‌ಸಿಪಿ (ಮೋಡೆಮ್‌ನಿಂದ ಅಡ್ರೆಸ್ ತಾನಾಗಿ ಪಡೆಯುವ ವ್ಯವಸ್ಥೆ) ಇದೆ. ಹಳೇ ಶೈಲಿಯ ಸಿಸ್‌ವಿ ಆವೃತ್ತಿಯಲ್ಲಿ ಇಲ್ಲ, ಅಡ್ರೆಸ್ ಕೈಯಲ್ಲೇ ಬರೆಯಬೇಕು. ಮೋಡೆಮ್ 192.168.1.1 ಆದರೆ ನಿಮ್ಮದು 192.168.1.50 ಇರಲಿ, ಬೇರೆ ಯಾರೂ ಅದನ್ನು ಹಿಡಿದಿರಬಾರದು ಅಷ್ಟೇ. ಪುಸ್ತಕದಲ್ಲಿ ‘ಈಥ್0’ ಅಂತಿದೆ ಎಂದು ಸುಮ್ನೆ ಹಾಗೇ ಬರೆಯಬೇಡಿ. ನಿಮ್ಮ ಯಂತ್ರ ಕಾರ್ಡನ್ನು ‘ಇಎನ್‌ಪಿ2ಎಸ್0’ ಅಂತ ಕರೆಯುತ್ತಿರಬಹುದು. ‘ಐಪಿ ಲಿಂಕ್’ ಏನು ಹೇಳುತ್ತದೋ ಅದೇ ಹೆಸರು, ಫೈಲ್ ಹೆಸರಿನಲ್ಲೂ, ಒಳಗೂ.

8.8.8.8ಕ್ಕೆ ಪಿಂಗ್ ಹೋಗುತ್ತದೆ, ಸೈಟ್ ಹೆಸರಿಗೆ ಹೋಗಲ್ಲ ಅಂದರೆ ‘ರಿಸಾಲ್ವ್.ಕಾನ್ಫ್’ ಫೈಲ್ ಖಾಲಿ ಇದೆ ಅಂತ ಲೆಕ್ಕ. ಅದರಲ್ಲಿ ನೇಮ್‌ಸರ್ವರ್ (ಸೈಟ್ ಹೆಸರಿಗೆ ಅಡ್ರೆಸ್ ಹೇಳುವ ಸರ್ವರ್) ಸಾಲು ಸೇರಿಸಿ.

ಇನ್ನೊಂದು ವಿಷಯ. ನೆಟ್ ಬಂದ ಖುಷಿಯಲ್ಲಿ ಏನಾದರೂ ಡೌನ್‌ಲೋಡ್ ಮಾಡೋಣ ಅಂತ ಕೂತರೆ ಡೌನ್‌ಲೋಡ್ ಮಾಡುವ ‘ಡಬ್ಲ್ಯುಗೆಟ್’ ಕೂಡ ಇರುವುದಿಲ್ಲ! ಅದು ಮೂಲ ಪುಸ್ತಕದಲ್ಲಿಲ್ಲ, ಮುಂದಿನ ಪುಸ್ತಕ ‘ಬಿಯಾಂಡ್’ನಲ್ಲಿದೆ. ಹಾಗಾಗಿ ಫರ್ಮ್‌ವೇರ್ ತರುವಾಗಲೇ ಡಬ್ಲ್ಯುಗೆಟ್, ಡಿಎಚ್‌ಸಿಪಿಸಿಡಿ (ಡಿಎಚ್‌ಸಿಪಿ ಕೆಲಸ ಮಾಡುವ ಪ್ರೋಗ್ರಾಮ್) ಎರಡರ ಸೋರ್ಸನ್ನೂ ಉಬುಂಟುವಿನಲ್ಲಿ ಇಳಿಸಿ ಈ ಪಾರ್ಟಿಶನ್‌ಗೆ ಹಾಕಿಕೊಳ್ಳಿ. ಉಬುಂಟುವನ್ನು ಇನ್ನೊಂದು ತಿಂಗಳಾದರೂ ಅಳಿಸಬೇಡಿ.