ಆಳಿಗರು ದೇವರ ಹತ್ತಿರ ಏನನ್ನೂ ಬೇಡುವುದಿಲ್ಲ, ಯಾಕೆ?

ಕಡಲಡಿಯ ಜನರ ಕಥೆ ಧಾರಾವಾಹಿಯಾಗಿ ಬರಲು ಶುರುವಾದ ಮೇಲೆ ನೀವೆಲ್ಲ ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ತಗೊಂಡಿದ್ದೇನೆ. ಕಥೆ ಓದದವರಿಗೆ ಒಂದೆರಡು ಮಾತು. ಆಳಿಗರು ನಾನು ಕಲ್ಪಿಸಿಕೊಂಡ ಜನ. ನೀರಿನ ಮೇಲ್ಮೈಯಿಂದ ಸುಮಾರು 2,500 ಮೀಟರ್ ಕೆಳಗೆ, ಒಂದು ದೊಡ್ಡ ಕಮರಿಯ ಅಂಚಿನಲ್ಲಿ ಬದುಕುತ್ತಾರೆ. ಜನ ಕಲ್ಪನೆಯವರಾದರೂ ಅವರ ಸುತ್ತಲಿನ ಕಡಲು ನಿಜವಾದದ್ದೇ ಆಗಿರಬೇಕು ಅನ್ನೋದು ನನ್ನ ಹಟ.

ಪ್ರಶ್ನೆ: ಮೀನಿನ ಬಾಲ ಇಲ್ಲ, ಮುತ್ತಿನ ಅರಮನೆ ಇಲ್ಲ. ಕಡಲ ಜನ ಅಂದಮೇಲೆ ಸ್ವಲ್ಪ ಚೆಂದ ಬೇಡವಾ?

ಅರಮನೆ ನೋಡೋಕೆ ಬೆಳಕು ಬೇಕಲ್ವಾ? 200 ಮೀಟರ್ ಇಳಿದರೆ ಬೆಳಕು ಮಸುಕಾಗುತ್ತದೆ, 1,000 ಮೀಟರ್ ದಾಟಿದರೆ ಬಿಸಿಲಿನ ಒಂದು ಎಳೆಯೂ ಬರುವುದಿಲ್ಲ. ಆಳಿಗರ ಚೆಂದ ಇರುವುದು ಕಿವಿಯಲ್ಲಿ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದರ ನಾಲ್ಕು ಪಟ್ಟಿಗೂ ಜಾಸ್ತಿ. ಹಾಗಾಗಿ ಪ್ರತಿ ಮನೆಯ ಮುಂದೆ ಒಂದು ಸಾಲು ಚಿಪ್ಪು ಕಟ್ಟಿರುತ್ತಾರೆ. ನೀರು ಹರಿದಾಗ ಅವು ತಾಕಿಕೊಂಡು ಸದ್ದು ಮಾಡುತ್ತವೆ, ಆ ಸದ್ದು ಹಿಡಿದೇ ಮನೆ ಸೇರಬೇಕು. ಮಗು ಹುಟ್ಟಿದರೆ ಒಂದು ಚಿಪ್ಪು ಸೇರಿಸುತ್ತಾರೆ. ಯಾರಾದರೂ ಸತ್ತರೆ ಅವರ ಚಿಪ್ಪನ್ನು ತೆಗೆಯುವುದಿಲ್ಲ, ಅದರೊಳಗೆ ಕೆಸರು ತುಂಬುತ್ತಾರೆ. ಅವತ್ತಿನಿಂದ ಆ ಮನೆಯ ಸದ್ದು ಬೇರೆ. ನನಗೆ ಇದು ಮುತ್ತಿನ ಅರಮನೆಗಿಂತ ಚೆಂದ ಅನ್ನಿಸುತ್ತದೆ.

ಪ್ರಶ್ನೆ: ಮೂರನೇ ಕಂತಿನಲ್ಲಿ ಕೆಂಪು ಹರಳನ್ನು ದೂರದಿಂದಲೇ ಗುರುತಿಸಿದರು ಎಂದು ಬರೆದಿದ್ದೀರಿ. ಅಷ್ಟು ಆಳದಲ್ಲಿ ಕೆಂಪು ಕಾಣುತ್ತದೆಯೇ?

ಕಾಣುವುದಿಲ್ಲ, ನನ್ನ ತಪ್ಪು. ನೀರು ಮೊದಲು ನುಂಗುವುದೇ ಕೆಂಪು ಬಣ್ಣವನ್ನು. ಆಳದ ಜೀವಿಗಳು ತಾವೇ ಹೊಮ್ಮಿಸುವ ಬೆಳಕೂ ಬಹುಪಾಲು ನೀಲಿ, ಅದರಲ್ಲಿ ಕೆಂಪು ವಸ್ತು ಕಪ್ಪಾಗಿಯೇ ಕಾಣುತ್ತದೆ. ಆದರೆ ಕಣ್ಣಿನ ಕೆಳಗಿಂದ ಕೆಂಪು ಬೆಳಕು ಬಿಡುವ ಕೆಲವು ಮೀನುಗಳಿವೆ. ಆ ಬೆಳಕು ಅವುಗಳಿಗೆ ಕಾಣುತ್ತದೆ, ಸುತ್ತಲಿನ ಹೆಚ್ಚಿನ ಜೀವಿಗಳಿಗೆ ಕಾಣುವುದಿಲ್ಲ. ಪುಸ್ತಕ ಮಾಡುವಾಗ ಆ ಹರಳನ್ನು ತೆಗೆದು, ಅಂಥ ಮೀನೊಂದನ್ನು ಸಾಕಿದ ಮುದುಕಿಯನ್ನು ತರುತ್ತೇನೆ. ಬರೆದು ತಿಳಿಸಿದ್ದು ಒಳ್ಳೆಯದಾಯಿತು.

ಪ್ರಶ್ನೆ: ಆಳಿಗರ ದೇವರು ಯಾರು? ಒಂದು ಪೂಜೆಯೂ ಕಥೆಯಲ್ಲಿ ಬಂದಿಲ್ಲ.

ಈ ಪ್ರಶ್ನೆಗೇ ಕಾಯುತ್ತಿದ್ದೆ.

ದೇವರನ್ನು ಕಲ್ಪಿಸಿಕೊಳ್ಳುವ ಮೊದಲು, ಈ ಜನ ಏನು ತಿಂದು ಬದುಕುತ್ತಾರೆ ಎಂದು ಕೇಳಿಕೊಂಡೆ. ಕತ್ತಲಲ್ಲಿ ಗಿಡ ಬೆಳೆಯುವುದಿಲ್ಲ. ಮೇಲಿನ ನೀರಿನಲ್ಲಿ ಸತ್ತ ಸಣ್ಣ ಸಣ್ಣ ಜೀವಿಗಳು, ಅವುಗಳ ಹಿಕ್ಕೆ, ಲೋಳೆ, ಚೂರುಪಾರು ಎಲ್ಲ ಸೇರಿ ಹಗಲೂ ರಾತ್ರಿ ನಿಧಾನವಾಗಿ ಕೆಳಗೆ ಉದುರುತ್ತವೆ. ಇದನ್ನು ಕಡಲ ಹಿಮ ಅನ್ನುತ್ತಾರೆ. ತಳ ಮುಟ್ಟಲು ಎಷ್ಟೋ ಸಲ ವಾರಗಟ್ಟಲೆ ಬೇಕು. ತಳದ ಹೆಚ್ಚಿನ ಜೀವಿಗಳು ಬದುಕಿರುವುದೇ ಇದರಿಂದ. ಹಾಗಾಗಿ ಆಳಿಗರ ದೇವರು ಉದುರವ್ವ. ಅವಳು ಮೇಲೆಲ್ಲೋ ಕೂತು ಕೊಡುವವಳಲ್ಲ. ಉದುರುತ್ತಿರುವುದು ಅವಳ ಮೈಯೇ. ಯಾವತ್ತೂ ಸಾಯುತ್ತಾ ಇರುವವಳು, ಸತ್ತು ಮುಗಿಯದವಳು.

ಇಷ್ಟು ಬರೆದ ಮೇಲೆ ನಾನು ಯೋಚಿಸಿಯೇ ಇರದ ಒಂದು ಸಂಗತಿ ಎದುರಿಗೆ ಬಂತು. ಬರುವುದೆಲ್ಲ ಸತ್ತದ್ದೇ ಆದರೆ, 'ಇನ್ನಷ್ಟು ಕೊಡು' ಎಂದು ಬೇಡಿದರೆ ಏನು ಬೇಡಿದಂತಾಯಿತು? ಮೇಲೆ ಇನ್ನಷ್ಟು ಸಾಯಲಿ ಎಂದು! ಅದಕ್ಕೇ ಆಳಿಗರಲ್ಲಿ ಬೇಡಿಕೆಯ ಪೂಜೆ ಇಲ್ಲ. ಎಷ್ಟೇ ಹಸಿವಿದ್ದರೂ 'ಇನ್ನಷ್ಟು' ಅನ್ನುವ ಪದವನ್ನು ಮೇಲೆ ನೋಡಿ ಹೇಳಬಾರದು. ಅಂಗೈ ತೆರೆದು, ಬಿದ್ದದ್ದನ್ನು ಹಿಡಿದು, 'ಬಂತು' ಅನ್ನುತ್ತಾರೆ. ಅಷ್ಟೇ ಪೂಜೆ. ಮಕ್ಕಳು ಮೊದಲು ಕಲಿಯುವ ಮಾತೂ ಅದೇ.

ತಿಮಿಂಗಿಲ ಸತ್ತು ತಳಕ್ಕೆ ಬೀಳುವುದಿದೆಯಲ್ಲ, ಅದು ಅವರಿಗೆ ಒಂದು ಯುಗ. ದೊಡ್ಡ ತಿಮಿಂಗಿಲದ ಒಂದು ಹೆಣ ಹತ್ತಾರು ವರ್ಷ ಜೀವಿಗಳನ್ನು ಸಾಕಬಲ್ಲದು. ಮೊದಲು ಮಾಂಸ ತಿನ್ನುವವು ಬರುತ್ತವೆ, ಆಮೇಲೆ ಮೂಳೆಯನ್ನೇ ಕೊರೆದು ತಿನ್ನುವ ಹುಳುಗಳು, ಕೊನೆಗೆ ಮೂಳೆಯ ಕೊಬ್ಬಿನ ಮೇಲೆ ಬದುಕುವ ಬ್ಯಾಕ್ಟೀರಿಯಾ. ಬಿದ್ದ ಸದ್ದು ಮೊದಲು ಕೇಳಿದವರು ಸುತ್ತಲಿನ ಎಲ್ಲರನ್ನೂ ಕೂಗಿ ಕರೆಯಲೇಬೇಕು, ಮುಚ್ಚಿಟ್ಟರೆ ಅದಕ್ಕಿಂತ ದೊಡ್ಡ ಪಾಪ ಇಲ್ಲ. ಮೂಳೆಗಳ ಸುತ್ತ ಊರು ಏಳುತ್ತದೆ. ಅಲ್ಲೇ ಹುಟ್ಟಿದ ಮಕ್ಕಳು ಅಲ್ಲೇ ಮುದುಕರಾಗುತ್ತಾರೆ. ನಿಮ್ಮ ವಯಸ್ಸೆಷ್ಟು ಎಂದು ಕೇಳಿದರೆ 'ಪಕ್ಕೆಲುಬು ಇನ್ನೂ ಗಟ್ಟಿಯಿದ್ದಾಗ ಹುಟ್ಟಿದೆ' ಅನ್ನುತ್ತಾರೆ.

ಪ್ರಶ್ನೆ: ಅವರ ಮಾಂತ್ರಿಕರು ಒಂದು ಕೆಲಸ ಮಾತ್ರ ಮಾಡಬಲ್ಲರು ಅನ್ನಿಸುತ್ತದೆ. ಅಷ್ಟೇನಾ?

ಹೌದು, ಒಂದೇ. ಬೀಳುವುದನ್ನು ತಡೆಯುವುದು. ಅವರನ್ನು ತಡೆಗಾರರು ಎಂದೇ ಕರೆಯುತ್ತಾರೆ. ಏನನ್ನೂ ಮೇಲೆತ್ತಲಾರರು, ದೂಡಲಾರರು. ಬೀಳುತ್ತಿರುವ ಬಂಡೆಯನ್ನೋ ಹಿಮವನ್ನೋ ಇದ್ದಲ್ಲೇ ನಿಲ್ಲಿಸಬಲ್ಲರು, ನಿಲ್ಲಿಸಿದಷ್ಟು ಹೊತ್ತು ಅವರ ಉಸಿರೂ ನಿಂತಿರುತ್ತದೆ. ಏನು ಬೇಕಾದರೂ ಆಗಿಬಿಡುವ ಮಾಯೆ ಬರೆಯೋಕೆ ಸುಲಭ, ಆದರೆ ಹತ್ತು ಪುಟದಲ್ಲಿ ಅದು ಬೇಜಾರಾಗುತ್ತದೆ. ಈ ತಡೆಯ ಹಿಂದೆ ಒಂದು ಸಂಕಟ ಇದೆ ನೋಡಿ. ಹಸಿದ ಊರಿನವರಿಗಾಗಿ ಹಿಮವನ್ನು ಹಿಡಿದು ನಿಲ್ಲಿಸಿದರೆ, ಕಮರಿಯಲ್ಲಿ ಇನ್ನೂ ಕೆಳಗೆ ಇರುವವರಿಗೆ ಅಷ್ಟು ಕಡಿಮೆಯಾಗುತ್ತದೆ. ಅವರನ್ನು ಯಾರೂ ನೋಡಿಲ್ಲ. ಇದ್ದಾರೋ ಇಲ್ಲವೋ ಅದೂ ಗೊತ್ತಿಲ್ಲ. ಆದರೂ ತಡೆಗಾರರು ಪ್ರತಿ ತಡೆಯನ್ನೂ ಒಂದು ಹಗ್ಗದಲ್ಲಿ ಗಂಟು ಹಾಕಿ ಲೆಕ್ಕ ಇಡುತ್ತಾರೆ.

ಪ್ರಶ್ನೆ: ಬೆಂಕಿ ಇಲ್ಲದೆ ಕಬ್ಬಿಣ ಎಲ್ಲಿಂದ ಬಂತು? ಬಿಸಿಬಾಯಿಯವರನ್ನು ಆಳಿಗರು ಯಾಕೆ ದೂರ ಇಡುತ್ತಾರೆ?

ಕಬ್ಬಿಣ ಬಂದದ್ದು ಒಂದು ಬಸವನಹುಳುವಿನಿಂದ, ಅದು ನಿಜಕ್ಕೂ ಇದೆ. 2001ರಲ್ಲಿ ಹಿಂದೂ ಮಹಾಸಾಗರದ ತಳದಲ್ಲಿ ಸಿಕ್ಕಿತು. ಅದರ ಕಾಲಿನ ಹುರುಪೆಗಳ ಮೇಲೆ ಕಬ್ಬಿಣದ ಸಲ್ಫೈಡಿನ ಲೇಪ ಇರುತ್ತದೆ. ಆಳಿಗರು ಆ ಹುರುಪೆಗಳನ್ನು ಉಜ್ಜಿ ಚೂಪು ಮಾಡುತ್ತಾರೆ.

ಬಿಸಿಬಾಯಿಯವರದು ದೊಡ್ಡ ಜಗಳ. ತಳದ ಬಿರುಕುಗಳಿಂದ ಬಿಸಿನೀರು ಉಕ್ಕುವ ಜಾಗಗಳಿವೆ. ಕೆಲವು ಕಡೆ ಆ ನೀರು 350 ಡಿಗ್ರಿ ದಾಟುತ್ತದೆ, ಒತ್ತಡ ಅಷ್ಟಿರುವುದರಿಂದ ಕುದಿಯುವುದಿಲ್ಲ. 1977ರಲ್ಲಿ ಗ್ಯಾಲಪಗೋಸ್ ದ್ವೀಪಗಳ ಹತ್ತಿರ ಇಂಥ ಬಿಸಿನೀರಿನ ಜಾಗವನ್ನು ಮೊದಲು ಕಂಡವರಿಗೆ ದಂಗುಬಡಿದಿತ್ತು, ಯಾಕೆಂದರೆ ಅದರ ಸುತ್ತ ಜೀವಿಗಳು ಗಿಜಿಗುಡುತ್ತಿದ್ದವು. ಬಾಯಿಯೂ ಇಲ್ಲದ, ಕರುಳೂ ಇಲ್ಲದ ಉದ್ದನೆಯ ಕೊಳವೆ ಹುಳುಗಳು ಅಲ್ಲಿವೆ. ಅವುಗಳ ಮೈಯೊಳಗಿನ ಬ್ಯಾಕ್ಟೀರಿಯಾಗಳು ಬಿರುಕಿನಿಂದ ಬರುವ ರಾಸಾಯನಿಕಗಳಿಂದಲೇ ಅನ್ನ ಮಾಡಿಕೊಡುತ್ತವೆ. ಇನ್ನು ಅಲ್ಲಿ ವಾಸಿಸುವ ಜನ, ಅಂದರೆ ಬಿಸಿಬಾಯಿಯವರು, ಏನನ್ನು ನಂಬುತ್ತಾರೆ ಹೇಳಿ? ಅನ್ನ ಕೆಳಗಿಂದ ಬರುತ್ತದೆ, ಉದುರವ್ವ ಸುಳ್ಳು, ಎಂದು. ಅವರು ಧಾರಾಳವಾಗಿ 'ಇನ್ನಷ್ಟು' ಅನ್ನುತ್ತಾರೆ, ಆಳಿಗರು ಕಿವಿ ಮುಚ್ಚಿಕೊಳ್ಳುತ್ತಾರೆ. ನನಗೆ ಇಬ್ಬರ ಮೇಲೂ ಪ್ರೀತಿ. ಆ ಹುಳುಗಳಿಗೂ ನೀರಿನಲ್ಲಿ ಕರಗಿದ ಆಮ್ಲಜನಕ ಬೇಕೇ ಬೇಕು, ಅದು ಹುಟ್ಟಿದ್ದು ಮೇಲೆ ಬಿಸಿಲಿನಲ್ಲಿ. ಈ ವಿಷಯ ಇಬ್ಬರಿಗೂ ಗೊತ್ತಿಲ್ಲ. ಗೊತ್ತಾಗುವ ದಿನ ಕಥೆಯಲ್ಲಿ ಬರುತ್ತದೆ.

ಪ್ರಶ್ನೆ: ನನ್ನ ಮಗಳು ಕೇಳುತ್ತಾಳೆ, ಆಳಿಗರು ಸತ್ತರೆ ಏನು ಮಾಡುತ್ತಾರೆ?

ಪುಟ್ಟಿಗೆ ಹೀಗೆ ಹೇಳಿ. ಹೆಣವನ್ನು ಕಮರಿಯ ಅಂಚಿಗೆ ಹೊತ್ತುಕೊಂಡು ಹೋಗುತ್ತಾರೆ. ಎಲ್ಲರೂ ಸುಮ್ನೆ ನಿಲ್ಲುತ್ತಾರೆ, ಆಮೇಲೆ ಕೈ ಬಿಡುತ್ತಾರೆ. ಕೆಳಗೆ ಯಾರಾದರೂ ಇದ್ದರೆ, ಅವರಿಗೆ ಇವತ್ತು ಉದುರವ್ವ ಅಂದರೆ ಈ ಅಜ್ಜನೇ. ಸತ್ತವರು ತಡೆಗಾರರಾಗಿದ್ದರೆ ಆ ಗಂಟಿನ ಹಗ್ಗವನ್ನೂ ತರುತ್ತಾರೆ. ಎಷ್ಟು ಗಂಟಿದೆಯೋ ಅಷ್ಟು ಹಿಡಿ ಅನ್ನವನ್ನು ಊರಿನವರು ತಮ್ಮ ಪಾಲಿನಿಂದ ತೆಗೆದು ಅವರ ಜೊತೆ ಕೆಳಗೆ ಬಿಡುತ್ತಾರೆ. ಕೆಳಗಿನಿಂದ 'ಬಂತು' ಅನ್ನುವ ಸದ್ದು ಕೇಳಿಸುತ್ತದಾ ಎಂದು ಮಕ್ಕಳು ಅಂಚಿನಲ್ಲಿ ತುಂಬಾ ಹೊತ್ತು ಕಿವಿಗೊಟ್ಟು ಕೂತಿರುತ್ತಾರೆ.